ಗಡಿ ಅಳೆಯಲು ಬಂದು ಊರಿನ ಕಥೆ ಬರೆಸಿದ ಕರ್ನಲ್ ಮೆಕೆಂಜಿ



ನಮ್ಮ ಮಹನೀಯರ ಪರಿಚಯ ಮಾಲೆಯಲ್ಲಿ ಈ ಸಲ ಕನ್ನಡ ಓದಲು ಬಾರದಿದ್ದ ಒಬ್ಬರನ್ನು ಪರಿಚಯಿಸುತ್ತಿದ್ದೇವೆ. ಅವರು ಕರ್ನಲ್ ಕಾಲಿನ್ ಮೆಕೆಂಜಿ. ತೀರಿಕೊಂಡು ಇನ್ನೂರು ವರ್ಷ ದಾಟಿದೆ. ಇತಿಹಾಸ ಓದಿದವರಿಗೆ ಅವರ ಹೆಸರು ಕೈಫಿಯತ್ತುಗಳ ಮೂಲಕ ಗೊತ್ತು. ನಮ್ಮ ಗಡಿ ಸೀಮೆಯವರು ಅವರನ್ನು ತಿಳಿಯಬೇಕಾದದ್ದು ಇನ್ನೊಂದು ಕಾರಣಕ್ಕೆ. ಅವರ ಮೊದಲ ಕೆಲಸ ಗಡಿ ಅಳೆಯುವುದು. ನಿಜಾಮರ ರಾಜ್ಯದ ನಕಾಶೆ, ಮೈಸೂರು ರಾಜ್ಯದ ಗಡಿಯ ನಕಾಶೆ ಎರಡನ್ನೂ ಮಾಡಿದವರು ಅವರೇ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಯಾಲಾಲ್ ಕಡೆಯ ನಮಗೆ ಗಡಿ ಎಂಬುದು ಪುಸ್ತಕದ ಮಾತಲ್ಲ. 1956ರ ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯ ಪುನರ್‌ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಹೋಯಿತು, ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಬೀದರ್ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು ಈ ಕಡೆ ಬಂತು. ಜಹೀರಾಬಾದ್ ತಾಲ್ಲೂಕು ಬಂತು, ಆದರೆ ಅದರ ನಿರ್ಣಾ ಸರ್ಕಲ್ ಆ ಕಡೆಯೇ ಉಳಿಯಿತು. ಬೀದರ್ ತಾಲ್ಲೂಕು ಆ ಕಡೆ ಉಳಿಯಿತು, ಆದರೆ ಅದರ ನ್ಯಾಲ್ಕಲ್ ಸರ್ಕಲ್ ಈ ಕಡೆ ಬಂತು. 1950ರಲ್ಲಿ ತಾಂಡೂರು ತಾಲ್ಲೂಕಿನಲ್ಲಿ ಹುಟ್ಟಿ ಅಲ್ಲೇ ಉಳಿದವರು ಮನೆ ಬಿಟ್ಟು ಕದಲದೆಯೇ ಗುಲ್ಬರ್ಗಾ, ಹೈದರಾಬಾದ್, ರಂಗಾರೆಡ್ಡಿ, ವಿಕಾರಾಬಾದ್ ಎಂದು ನಾಲ್ಕು ಜಿಲ್ಲೆ ಕಂಡಿದ್ದಾರೆ. ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ಎಂದು ಮೂರು ರಾಜ್ಯ ಕಂಡಿದ್ದಾರೆ.

ಹೀಗೆ ಗೆರೆ ಸರಿದಾಗ ಊರಿನಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ಮೆಕೆಂಜಿ ಅವರ ಬಾಳಿನಲ್ಲಿ ಒಂದು ಉತ್ತರವಿದೆ ಎಂದು ನಮಗೆ ಅನ್ನಿಸಿದೆ. ಅದಕ್ಕಾಗಿ ಈ ಬರಹ.

ದೂರದ ದ್ವೀಪದಿಂದ ಮದ್ರಾಸಿಗೆ

ಕಾಲಿನ್ ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಊರಿನಲ್ಲಿ. ಅದೂ ಒಂದು ಅಂಚಿನ ಸೀಮೆಯೇ. ಅಲ್ಲಿನ ಜನ ಆಗ ಮನೆಯಲ್ಲಿ ಆಡುತ್ತಿದ್ದದ್ದು ಗೇಲಿಕ್, ಕಚೇರಿಯಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷ್. ಮನೆಯ ಮಾತು ಒಂದು, ಕಾಗದದ ಮಾತು ಇನ್ನೊಂದು ಎಂಬ ಸ್ಥಿತಿ ನಮಗೆ ಹೊಸದೇನಲ್ಲ. ತಂದೆ ವ್ಯಾಪಾರಿ, ಊರಿನ ಅಂಚೆಯ ಕೆಲಸವನ್ನೂ ನೋಡುತ್ತಿದ್ದರು. ಮಗ ತರುಣನಾಗಿದ್ದಾಗ ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು.

ಅವರಿಗೆ ಗಣಿತದ ಮೇಲೆ ಬಹಳ ಒಲವು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಅವರ ವಂಶಸ್ಥರೊಬ್ಬರು ಆ ಗಣಿತಜ್ಞನ ಚರಿತ್ರೆ ಬರೆಯಲು ಹೊರಟಿದ್ದರು, ಅದಕ್ಕಾಗಿ ಹಿಂದೂ ಗಣಿತದ ವಿಷಯಗಳನ್ನು ಕಲೆಹಾಕುವ ಕೆಲಸದಲ್ಲಿ ಮೆಕೆಂಜಿ ಅವರನ್ನು ಸೇರಿಸಿಕೊಂಡಿದ್ದರು. ಭಾರತದ ಕಡೆ ಅವರ ಮನಸ್ಸು ಹರಿದದ್ದು ಹಾಗೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಲಸ ಪಡೆದು 1783ರ ಸೆಪ್ಟೆಂಬರಿನಲ್ಲಿ ಮದ್ರಾಸಿಗೆ ಬಂದಿಳಿದರು. ಆಗ ವಯಸ್ಸು ಮೂವತ್ತರ ಹತ್ತಿರ. ಹದಿನಾರು ಹದಿನೇಳಕ್ಕೇ ಹಡಗು ಹತ್ತುತ್ತಿದ್ದ ಆ ಕಾಲದಲ್ಲಿ ಅದು ತಡವಾದ ಆರಂಭ.

ಬಂದ ಹೊಸತರಲ್ಲಿ ಮಧುರೆಯಲ್ಲಿ ನೇಪಿಯರ್ ಮನೆತನದ ಮಗಳಾದ ಹೆಸ್ಟರ್ ಜಾನ್‌ಸ್ಟನ್ ಅವರ ಮನೆಗೆ ಹೋಗಿದ್ದರು. ಅಲ್ಲಿ ಸ್ಥಳೀಯ ಪಂಡಿತರ ಪರಿಚಯವಾಯಿತು. ಈ ದೇಶದ ವಿದ್ಯೆ ತಿಳಿಯಬೇಕಾದರೆ ಇಲ್ಲಿನವರನ್ನೇ ಕೇಳಬೇಕು ಎಂಬುದು ಅಲ್ಲಿ ಮನಸ್ಸಿಗೆ ನಾಟಿತು. ಆದರೆ ಮುಂದಿನ ಹನ್ನೆರಡು ಹದಿಮೂರು ವರ್ಷ ಆ ಆಸೆಗೆ ಸಮಯವೇ ಸಿಗಲಿಲ್ಲ. ಕಾಲಾಳು ಪಡೆಯಿಂದ 1786ರಲ್ಲಿ ಇಂಜಿನಿಯರ್ ವಿಭಾಗಕ್ಕೆ ಸೇರಿದರು. ಗುಂಟೂರು, ನೆಲ್ಲೂರಿನ ಕಡೆ ದಾರಿಗಳನ್ನು ಅಳೆದರು. ಟಿಪ್ಪು ಸುಲ್ತಾನರ ವಿರುದ್ಧ 1790ರಿಂದ 1792ರ ತನಕ ನಡೆದ ಯುದ್ಧದಲ್ಲಿ ಕಂಪನಿಯ ಸೈನ್ಯದ ಜೊತೆ ಬೆಂಗಳೂರು, ಶ್ರೀರಂಗಪಟ್ಟಣಗಳ ಮುಂದೆ ನಿಂತರು.

ಇದನ್ನು ನಾವು ಮುಚ್ಚಿಡಬಾರದು. ಮೆಕೆಂಜಿ ಅವರು ಕಂಪನಿಯ ಸೈನಿಕರು. ಅವರ ನಕಾಶೆ ಮೊದಲು ಬೇಕಾದದ್ದು ತೋಪುಗಳು ಯಾವ ದಾರಿಯಲ್ಲಿ ಸಾಗಬಹುದು, ಯಾವ ಹೊಳೆಯನ್ನು ಎಲ್ಲಿ ದಾಟಬಹುದು, ಯಾವ ಸೀಮೆಯಿಂದ ಎಷ್ಟು ಕಂದಾಯ ಬರಬಹುದು ಎಂದು ತಿಳಿಯಲಿಕ್ಕೆ. ಅವರ ಒಳ್ಳೆಯ ಕೆಲಸವೂ ಈ ಕೆಲಸದ ಒಳಗಿನಿಂದಲೇ ಬಂದದ್ದು.

ನಿಜಾಮರ ಸೀಮೆಯಲ್ಲಿ

1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರ ರಾಜ್ಯದ ಅರ್ಧ ಭಾಗ ಕಂಪನಿ, ಮರಾಠರು ಮತ್ತು ನಿಜಾಮ್ ಅಲಿ ಖಾನ್ ಅವರಿಗೆ ಹಂಚಿಹೋಯಿತು. ಹಂಚಿಕೊಂಡರೂ ಪಾಲಿಗೆ ಬಂದ ನೆಲ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿಜಾಮರ ರಾಜ್ಯದ ಭೂಗೋಳ ತಿಳಿಯಲು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅವರು ಮೆಕೆಂಜಿ ಅವರನ್ನು ಕಳಿಸಿದರು. ನಿಜಾಮರ ರಾಜ್ಯದಲ್ಲಿದ್ದ ಕಂಪನಿ ಪಡೆಗೆ ಇಂಜಿನಿಯರ್ ಮತ್ತು ಸರ್ವೆಯರ್ ಎಂಬ ಹುದ್ದೆ ಅದು.

ಇಲ್ಲಿ ಒಂದು ಮಾತು ನೆನಪಿಡಬೇಕು. ಆಗ ಭಾರತ ಎಂಬ ಒಂದೇ ಸರ್ಕಾರ ಇರಲಿಲ್ಲ. ಹೈದರಾಬಾದ್, ಮೈಸೂರು, ಪುಣೆ, ಮದ್ರಾಸಿನ ಕಂಪನಿ, ಇವೆಲ್ಲ ಒಂದರ ಜೊತೆ ಒಂದು ಯುದ್ಧ ಮಾಡುವ, ಕರಾರು ಮಾಡಿಕೊಳ್ಳುವ, ವಕೀಲರನ್ನು ಕಳಿಸುವ ಬೇರೆಬೇರೆ ಸರ್ಕಾರಗಳು. ಇಂದು ನಾವು ರಾಜ್ಯದ ಗಡಿ ಎನ್ನುವ ಗೆರೆಗಳಲ್ಲಿ ಕೆಲವು ಆಗ ದೇಶ ದೇಶಗಳ ನಡುವಿನ ಗಡಿಗಳೇ ಆಗಿದ್ದವು.

ಮೆಕೆಂಜಿ ಅವರ ಕೆಲಸದ ಬಗೆ ಹೀಗಿತ್ತು. ದಾರಿಯ ಉದ್ದ ಅಳೆಯಲು ಉದ್ದ ಹಿಡಿಕೆಯ ಒಂದು ಚಕ್ರ. ಅದನ್ನು ನೂಕಿಕೊಂಡು ನಡೆದರೆ ಎಷ್ಟು ಸುತ್ತು ತಿರುಗಿತು ಎಂಬುದರಿಂದ ದೂರ ಸಿಗುತ್ತದೆ. ತಿರುವಿನಲ್ಲಿ ದಿಕ್ಸೂಚಿ ನೋಡಿ ದಿಕ್ಕು ಬರೆದುಕೊಳ್ಳುವುದು. ದೂರದ ಗುಡ್ಡ, ಗುಡಿಯ ಗೋಪುರ, ಕೋಟೆಯ ಬುರುಜಿನ ಕಡೆಗೆ ಥಿಯೊಡೊಲೈಟ್ ಹಿಡಿದು ಕೋನ ಅಳೆಯುವುದು. ದಾರಿಯ ಎರಡೂ ಬದಿಯ ಹಳ್ಳಿ, ಕೆರೆ, ಹಳ್ಳಗಳ ಹೆಸರನ್ನು ಕೇಳಿ ಬರೆಯುವುದು. ಜೊತೆಗೆ ದಖ್ಖನಿನ ಫಾರ್ಸಿ ಕಂದಾಯದ ದಫ್ತರುಗಳನ್ನೂ ಅವರು ಸಂಪಾದಿಸಿದರು. ಯಾವ ಸರ್ಕಾರಿನಲ್ಲಿ ಯಾವ ಪರಗಣೆ, ಯಾವ ಪರಗಣೆಯಲ್ಲಿ ಯಾವ ಹಳ್ಳಿಗಳು ಎಂಬ ಲೆಕ್ಕ ಅವುಗಳಲ್ಲಿತ್ತು. ನೆಲದ ಮೇಲೆ ನಡೆದ ಅಳತೆ, ದಫ್ತರಿನ ಹೆಸರು, ಎರಡನ್ನೂ ಕೂಡಿಸಿ 1796ರಲ್ಲಿ ನಿಜಾಮರ ರಾಜ್ಯದ ಒಂದು ಸಾಮಾನ್ಯ ನಕಾಶೆಯನ್ನು ಸರ್ಕಾರಕ್ಕೆ ಒಪ್ಪಿಸಿದರು.

ಈ ಕೆಲಸವೂ ಒಂದೇ ಸಮನೆ ನಡೆಯಲಿಲ್ಲ. 1793ರಲ್ಲಿ ಪುದುಚೇರಿಯ ಮುತ್ತಿಗೆಗೆ ಕರೆ ಬಂತು, ಮುಂದೆ ಸಿಂಹಳಕ್ಕೆ ಹೋಗಬೇಕಾಯಿತು. ಈ ನಡುವೆ 1795ರ ಮಾರ್ಚಿನಲ್ಲಿ ಖರ್ಡಾ ಎಂಬಲ್ಲಿ ನಿಜಾಮರು ಮರಾಠರಿಗೆ ಸೋತು ಬಹಳಷ್ಟು ಪ್ರದೇಶ ಬಿಟ್ಟುಕೊಡಲು ಒಪ್ಪಬೇಕಾಯಿತು. ನಕಾಶೆಯ ಶಾಯಿ ಆರುವುದರೊಳಗೆ ಗಡಿ ಬದಲಾಗುವುದನ್ನು ಮೆಕೆಂಜಿ ಅವರು ಆಗಲೇ ಕಂಡರು.

ಮೈಸೂರಿನ ಗಡಿಯ ಸುತ್ತ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನರು ಮಡಿದರು. ಮುತ್ತಿಗೆಯಲ್ಲಿ ಮೆಕೆಂಜಿ ಅವರೂ ಇಂಜಿನಿಯರ್ ಆಗಿ ಇದ್ದರು. ಜೂನ್ 22ರಂದು ಕಂಪನಿ ಮತ್ತು ನಿಜಾಮರು ಮೈಸೂರನ್ನು ಹಂಚಿಕೊಳ್ಳುವ ಕರಾರಿಗೆ ಸಹಿ ಹಾಕಿದರು. ಕಂಪನಿಗೆ ಕೆನರಾ, ಕೊಯಮತ್ತೂರು ಮೊದಲಾದ ಭಾಗ. ನಿಜಾಮರಿಗೆ ಗುತ್ತಿ, ಗುರ್ರಂಕೊಂಡ ಮೊದಲಾದ ಸೀಮೆ. ನಡುವೆ ಉಳಿದದ್ದು ಮೈಸೂರಿನ ಒಡೆಯರಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಚಿಕ್ಕ ಮಗು, ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು.

ಆ ಕರಾರಿನಲ್ಲಿ ನಕಾಶೆಯ ಗೆರೆ ಇರಲಿಲ್ಲ, ಪಟ್ಟಿಗಳಿದ್ದವು. ಇಂಥ ಸೀಮೆ, ಅದರ ಹುಟ್ಟುವಳಿ ಇಷ್ಟು ಕಂಠೀರಾಯ ವರಹ ಎಂದು ಹೆಸರು ಮತ್ತು ಹಣದ ಲೆಕ್ಕ. ಸೀಮೆ ಹಂಚಿದ್ದು ಹಣದ ತೂಕದಲ್ಲಿ. ಅದು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಹೊಲದ ಅಂಚಿನಲ್ಲಿ ನಿಂತವರಿಗೆ ಮಾತ್ರ ಗೊತ್ತು. ಹಳೆಯ ಲೆಕ್ಕದಲ್ಲಿ ಒಂದು ಸೀಮೆಗೆ ಸೇರಿದ ಹಳ್ಳಿ ಇನ್ನೊಂದು ಸೀಮೆಯ ನಡುವೆ ದ್ವೀಪದ ಹಾಗೆ ಕೂತಿರುವುದೂ ಉಂಟು. ಕೆರೆ ಒಬ್ಬರ ಪಾಲು, ಅದರ ನೀರು ಹರಿಯುವ ಗದ್ದೆ ಇನ್ನೊಬ್ಬರ ಪಾಲು ಎಂದಾದರೆ ಜಗಳ ತಪ್ಪಿದ್ದಲ್ಲ.

ಈ ಗೋಜಲನ್ನು ಬಿಡಿಸಲು ಮೈಸೂರು ಸರ್ವೆ ಆರಂಭವಾಯಿತು. ಅದರ ಮುಖ್ಯಸ್ಥರಾಗಿ ಮೆಕೆಂಜಿ ಅವರನ್ನು ನೇಮಿಸಿದವರು ಗವರ್ನರ್ ಜನರಲ್ ವೆಲ್ಲೆಸ್ಲಿ. 1800ರಲ್ಲಿ ಹೊರಟ ತಂಡ ಮೊದಲು ಕೈಗೆತ್ತಿಕೊಂಡದ್ದು ರಾಜ್ಯದ ಹೊರಗಡಿಯನ್ನು. ಆಯಾ ಊರಿನ ಗೌಡರು, ಶ್ಯಾನುಭೋಗರು ಬಂದು ಎಲ್ಲೆ ತೋರಿಸಬೇಕು. ನಮ್ಮ ಕಡೆಯಲ್ಲಾದರೆ ಪಟೇಲ್, ಕುಲಕರ್ಣಿ, ಪಟ್ವಾರಿ ಎನ್ನುತ್ತಿದ್ದೆವು. ಕಂಪನಿಯ ಉಪಕರಣ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಕೋನ ಗೊತ್ತಾಗುತ್ತದೆಯೇ ಹೊರತು ಆ ಹುಣಸೇಮರ ಯಾವ ಊರಿನದು ಎಂದು ಗೊತ್ತಾಗುವುದಿಲ್ಲ. ಬಾಂದುಗಲ್ಲು ಎಲ್ಲಿದೆ, ಹಳ್ಳ ಹಿಂದೆ ಯಾವ ಪಕ್ಕದಲ್ಲಿ ಹರಿಯುತ್ತಿತ್ತು, ಯಾವ ಊರಿನ ದನ ಯಾವ ಗುಡ್ಡದಲ್ಲಿ ಮೇಯುತ್ತವೆ ಎಂಬುದನ್ನು ಊರವರೇ ಹೇಳಬೇಕು. ಅಂದರೆ ಆ ದೊಡ್ಡ ನಕಾಶೆಯ ಗಡಿಯ ಗೆರೆ ಹಳ್ಳಿಯ ಕನ್ನಡದ, ತೆಲುಗಿನ ಮಾತುಗಳಿಂದ ಆದದ್ದು.

ಕೆಲಸ ನಡೆಯುತ್ತಿರುವಾಗಲೇ ಒಂದು ದೊಡ್ಡ ಬದಲಾವಣೆ ಬಂತು. 1800ರ ಅಕ್ಟೋಬರ್ 12ರ ಕರಾರಿನಲ್ಲಿ ನಿಜಾಮರು 1792 ಮತ್ತು 1799ರಲ್ಲಿ ತಮಗೆ ಬಂದಿದ್ದ ಮೈಸೂರಿನ ಪಾಲನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟರು. ತಮ್ಮ ರಾಜ್ಯದಲ್ಲಿ ಇಟ್ಟುಕೊಂಡ ಕಂಪನಿ ಪಡೆಯ ಖರ್ಚಿಗಾಗಿ ಕೊಟ್ಟ ನೆಲ ಅದು. ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳಿಗೆ ದತ್ತ ಮಂಡಲ ಎಂಬ ಹೆಸರು ಬಂದದ್ದು ಹೀಗೆ. ನಿಜಾಮರ ಗಡಿ ಕೃಷ್ಣಾ ತುಂಗಭದ್ರೆಗಳ ದಡಕ್ಕೆ ಹಿಂದೆ ಸರಿಯಿತು. ಮೈಸೂರು ಮತ್ತು ಹೈದರಾಬಾದ್ ರಾಜ್ಯಗಳ ನಡುವೆ ಎಂದು ಅಳೆಯಲು ಹೊರಟ ಗಡಿಯ ದೊಡ್ಡ ಭಾಗ ಒಂದೂವರೆ ವರ್ಷವೂ ತುಂಬದೆ ಇಲ್ಲವಾಯಿತು. ಅಲ್ಲಿನ ಹಳ್ಳಿಗಳು ಮಾತ್ರ ಇದ್ದಲ್ಲೇ ಇದ್ದವು.

ಈ ಗಡಿ ಸರ್ವೆಯಿಂದಲೇ ಇನ್ನೊಂದು ಹೆಸರಾಂತ ಸಂಗತಿ ಹೊರಬಿತ್ತು. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಅವರ ಕಿವಿಗೆ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಬಿತ್ತು. ಊರವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದರು. ಮುಂದೆ ಅಲ್ಲೇ ಕೋಲಾರದ ಚಿನ್ನದ ಗಣಿ ಬೆಳೆಯಿತು.

ಮೈಸೂರು ಸರ್ವೆಗೆ ಹಣದ ಕೊರತೆ ಕಾಡಿತು. ಲಂಡನ್ನಿನ ನಿರ್ದೇಶಕರು ಖರ್ಚು ಇಳಿಸಿ ಎಂದರು. ಆದರೂ ಹತ್ತಿರಹತ್ತಿರ ಹತ್ತು ವರ್ಷದಲ್ಲಿ ಸುಮಾರು 40,000 ಚದರ ಮೈಲಿ ಪ್ರದೇಶದ ಕೆಲಸ ಮುಗಿಯಿತು. ಫಲವಾಗಿ ನಕಾಶೆಗಳ ಜೊತೆ 7 ದೊಡ್ಡ ಸಂಪುಟಗಳ ವಿವರಣೆ ಸಿದ್ಧವಾಯಿತು.

ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ

ಮೆಕೆಂಜಿ ಅವರ ಬಾಳಿನ ಎರಡನೆಯ ಕೆಲಸ ಇಲ್ಲಿಂದ ಶುರು. ಗಡಿ ಕೇಳಲು ಹೋದಾಗ ಊರವರು ಬರಿಯ ಗಡಿ ಹೇಳುವುದಿಲ್ಲ. ಈ ಹೊಲ ನಮ್ಮದು ಎನ್ನುವವರು ಅದು ಹೇಗೆ ತಮ್ಮದಾಯಿತು ಎಂದೂ ಹೇಳುತ್ತಾರೆ. ಯಾವ ಅರಸರು ಕೊಟ್ಟರು, ಯಾವ ಪಾಳೆಯಗಾರ ಕಿತ್ತುಕೊಂಡ, ಯಾವ ಗುಡಿಗೆ ಬಿಟ್ಟದ್ದು, ಅದಕ್ಕೆ ಯಾವ ಕಲ್ಲು ಸಾಕ್ಷಿ ಎಂದು ಕಥೆ ಬೆಳೆಯುತ್ತದೆ. ಸರ್ವೆಯರ್‌ಗೆ ಬೇಡವಾದ ಮಾತು ಎಂದು ಬೇರೆಯವರು ಬಿಡುತ್ತಿದ್ದದ್ದನ್ನು ಮೆಕೆಂಜಿ ಅವರು ಬರೆಸಿದರು.

ಅವರಿಗೆ ಈ ನೆಲದ ಯಾವ ಭಾಷೆಯೂ ಚೆನ್ನಾಗಿ ಬರುತ್ತಿರಲಿಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆ ಕೊರತೆ ತುಂಬಿದವರು ಏಲೂರಿನ ಕಾವಲಿ ಮನೆತನದ ಅಣ್ಣತಮ್ಮಂದಿರು. ಕಾವಲಿ ವೆಂಕಟ ಬೋರಯ್ಯನವರು 1796ರಲ್ಲಿ ಮೆಕೆಂಜಿ ಅವರ ಬಳಿ ಸೇರಿದರು. ಹಲವು ಭಾಷೆ ಬಲ್ಲವರು, ಜನರ ಜೊತೆ ಬೆರೆಯುವ ಗುಣದವರು. ಊರಿಂದ ಊರಿಗೆ ಹೋಗಿ ಪಂಡಿತರನ್ನು, ಮಠದವರನ್ನು, ಶ್ಯಾನುಭೋಗರನ್ನು ಮಾತನಾಡಿಸಿ ಅವರ ಕಡತ, ಓಲೆಗಳನ್ನು ಪ್ರತಿ ಮಾಡಿಸಿದರು. ಕಂಪನಿಯ ದೊರೆಗೆ ಕೊಡದ ಕಾಗದವನ್ನು ಜನ ಬೋರಯ್ಯನವರಿಗೆ ತೋರಿಸುತ್ತಿದ್ದರು. ಮೂವತ್ತು ತುಂಬುವ ಮೊದಲೇ, 1803ರಲ್ಲಿ ಅವರು ತೀರಿಕೊಂಡರು. ಆಮೇಲೆ ತಮ್ಮ ಲಕ್ಷ್ಮಯ್ಯನವರು ಆ ಹೊರೆ ಹೊತ್ತರು. ಇನ್ನೊಬ್ಬ ತಮ್ಮ ರಾಮಸ್ವಾಮಿಯವರೂ ಇದೇ ಕೆಲಸದಲ್ಲಿದ್ದರು.

ಕನ್ನಡಕ್ಕೆ ಮುಖ್ಯವಾದ ಇನ್ನೊಬ್ಬರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಶಾಸನದ ಕಲ್ಲು ಊರೂರಿಗೂ ಇದ್ದರೂ ಅದರ ಹಳಗನ್ನಡ ಅಕ್ಷರ ಓದಬಲ್ಲವರು ಅಪರೂಪವಾಗಿದ್ದರು. ಧರ್ಮಯ್ಯನವರು ಆ ಅಕ್ಷರಗಳನ್ನು ಬಿಡಿಸಿ ಓದಿದರು. ಜೈನರ ಬಗ್ಗೆ ಮೆಕೆಂಜಿ ಅವರು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟಿಸಿದ ಬರಹಕ್ಕೂ ಕನ್ನಡ ನಾಡಿನ ಜೈನರಿಂದ ತಿಳಿದದ್ದೇ ಆಧಾರ.

ಹೀಗೆ ಬರೆಸಿದ ಊರಿನ ವೃತ್ತಾಂತಗಳಿಗೆ ಕೈಫಿಯತ್ತು ಎಂದು ಹೆಸರು. ಊರು ಹೇಗೆ ಹುಟ್ಟಿತು, ಯಾರು ಕೆರೆ ಕಟ್ಟಿಸಿದರು, ಯಾವ ದೇವರು, ಯಾವ ಜಾತ್ರೆ, ಯಾವ ಅರಸು ಮನೆತನ, ಎಷ್ಟು ಕಾಣಿಕೆ, ಎಲ್ಲವೂ ಅದರಲ್ಲಿ ಬರುತ್ತದೆ. ಕೆಲವು ಕಡೆ ಪುರಾಣವೂ ನಿಜವೂ ಕಲಸಿಕೊಂಡಿರುತ್ತವೆ. ಆದರೆ ಅಂದಿನ ಊರು ತನ್ನನ್ನು ತಾನು ಹೇಗೆ ತಿಳಿದುಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿ ಅವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಆಸಕ್ತ ಸದಸ್ಯರು ಆ ಸಂಪುಟವನ್ನು ಒಮ್ಮೆ ನೋಡಬೇಕು.

ನಮ್ಮ ಮಗ್ಗುಲಲ್ಲಿ ಲ್ಯಾಂಬ್ಟನ್

ಮೆಕೆಂಜಿ ಅವರ ಜೊತೆಗೇ ಮೈಸೂರಿನಲ್ಲಿ ಕೆಲಸ ಆರಂಭಿಸಿದ ಇನ್ನೊಬ್ಬ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್. ಇವರ ಹೆಸರು ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. ಲ್ಯಾಂಬ್ಟನ್ ಅವರಿಗೆ ಊರಿನ ಕಥೆ ಬೇಕಿರಲಿಲ್ಲ, ಗಡಿಯೂ ಬೇಕಿರಲಿಲ್ಲ. ಭೂಮಿಯ ಆಕಾರ ಎಂಥದು ಎಂದು ಅಳೆಯಬೇಕಿತ್ತು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತಾ ಹೊರಟರು. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಬೆಂಗಳೂರನ್ನು ಹಾದು ಬೆಳೆದ ಆ ತ್ರಿಕೋನಗಳ ಸಾಲು ಬೀದರಿನ ಕಡೆ ಬಂತು. 1815ರಲ್ಲಿ ನಾರಾಯಣಖೇಡ ಸೀಮೆಯ ದಾಮರಗಿದ್ದದಲ್ಲಿ ಮತ್ತೊಂದು ಮೂಲಗೆರೆಯನ್ನು ಅಳೆದು ತಮ್ಮ ಲೆಕ್ಕವನ್ನು ತಾಳೆ ನೋಡಿದರು.

ಮುಂದೆ ಅವರ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಅವರು ಉತ್ತರಕ್ಕೆ ಮುಂದುವರಿಸಿದ ಅಳತೆಯ ಬುಡ ಇದೇ ದಾಮರಗಿದ್ದ. ಎವರೆಸ್ಟ್ ಅವರು 1830ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ಬರುವ 18 ಡಿಗ್ರಿ 3 ನಿಮಿಷದ ಅಕ್ಷಾಂಶ ನಮ್ಮ ಮಗ್ಗುಲಿನ ಈ ಹಳ್ಳಿಯದು. ಬೀದರಿನ ಮೂಲಗೆರೆಯನ್ನು 1841ರಲ್ಲಿ ಆಂಡ್ರ್ಯೂ ವಾ ಅವರು ಇನ್ನೂ ಸೂಕ್ಷ್ಮವಾದ ಸಲಕರಣೆಗಳಿಂದ ಮತ್ತೆ ಅಳೆದರು. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಎವರೆಸ್ಟ್ ಹೆಸರು ಇಟ್ಟವರು ಇದೇ ವಾ. ಹಿಮಾಲಯದ ತನಕ ಹೋದ ಅಳತೆಯ ಒಂದು ಗೂಟ ನಮ್ಮ ಸೀಮೆಯಲ್ಲಿತ್ತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಲ್ಯಾಂಬ್ಟನ್ ಅವರ ಅಳತೆಯಲ್ಲಿ ದಾಮರಗಿದ್ದ ಒಂದು ಬಿಂದು. ಅಕ್ಷಾಂಶ, ರೇಖಾಂಶ, ಎತ್ತರ, ಅಷ್ಟೇ. ಆ ಊರಿನ ಕೆರೆ ಯಾರದು, ಗುಡಿ ಯಾರದು, ಮನೆಮಾತು ಯಾವುದು ಎಂಬುದು ಅದರಲ್ಲಿಲ್ಲ. ಅದು ಆ ಶಾಸ್ತ್ರದ ತಪ್ಪಲ್ಲ. ಆದರೆ ಒಂದು ಊರಿನ ಬಗ್ಗೆ ಎಷ್ಟು ನಿಖರವಾಗಿ ಬರೆದರೂ ಊರವರನ್ನು ಕೇಳದಿದ್ದರೆ ಊರು ಕಾಣುವುದಿಲ್ಲ ಎಂಬುದಕ್ಕೆ ಅದು ಉದಾಹರಣೆ.

ಕೊನೆಯ ದಿನಗಳು ಮತ್ತು ಸಂಗ್ರಹದ ಗತಿ

1810ರಲ್ಲಿ ಮೆಕೆಂಜಿ ಅವರು ಮದ್ರಾಸಿನ ಸರ್ವೇಯರ್ ಜನರಲ್ ಆದರು. ಮರುವರ್ಷವೇ ಜಾವಾ ದಂಡಯಾತ್ರೆಗೆ ಹೋಗಬೇಕಾಯಿತು. ಅಲ್ಲೂ ಅದೇ ಅಭ್ಯಾಸ. ಹಳೆಯ ದೇವಾಲಯ, ಶಾಸನ, ಡಚ್ಚರ ಕಾಗದ ಪತ್ರ ಎಲ್ಲವನ್ನೂ ಕೂಡಿಹಾಕಿದರು. ಅಲ್ಲೇ 1812ರಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬುವರನ್ನು ಮದುವೆಯಾದರು. 1815ರಲ್ಲಿ ಭಾರತದ ಮೊಟ್ಟಮೊದಲ ಸರ್ವೇಯರ್ ಜನರಲ್ ಹುದ್ದೆ ಅವರಿಗೆ ಬಂತು.

1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರರು ಅವರ ಚಿತ್ರ ಬರೆದಿದ್ದಾರೆ. ಕೆಂಪು ಕೋಟಿನ ಮೆಕೆಂಜಿ ಅವರ ಜೊತೆ ಮೂವರು ಭಾರತೀಯ ಸಹಾಯಕರು ನಿಂತಿದ್ದಾರೆ, ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟ ಮೂರ್ತಿ ಇದೆ. ತನ್ನೊಬ್ಬನದೇ ಚಿತ್ರ ಬರೆಸಿಕೊಳ್ಳುವುದು ರೂಢಿಯಾಗಿದ್ದ ಕಾಲದಲ್ಲಿ ಸಹಾಯಕರನ್ನೂ ಸೇರಿಸಿಕೊಂಡದ್ದು ಅವರ ಮನಸ್ಸನ್ನು ತೋರಿಸುತ್ತದೆ.

1817ರಲ್ಲಿ ಕಲ್ಕತ್ತೆಗೆ ಹೋದ ಅವರು ಮತ್ತೆ ದಕ್ಷಿಣಕ್ಕೆ ಬರಲಿಲ್ಲ. ಕೂಡಿಹಾಕಿದ್ದನ್ನೆಲ್ಲ ಪಟ್ಟಿ ಮಾಡಿ ಪ್ರಕಟಿಸಬೇಕೆಂಬ ಆಸೆ ಇತ್ತು, ಆರೋಗ್ಯ ಬಿಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಹತ್ತಿರ ತೀರಿಕೊಂಡರು. ಅಲ್ಲಿನ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಭಾರತಕ್ಕೆ ಬಂದ 38 ವರ್ಷಗಳಲ್ಲಿ ಒಮ್ಮೆಯೂ ಹುಟ್ಟಿದ ದ್ವೀಪಕ್ಕೆ ಹಿಂದಿರುಗಲಿಲ್ಲ.

ಅವರ ಪತ್ನಿಯಿಂದ ಕಂಪನಿ ಸರ್ಕಾರ ಆ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್. ಎಚ್. ವಿಲ್ಸನ್ ಅವರು 1828ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯ ಗ್ರಂಥಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳಿದ್ದವು. ನಕಾಶೆಗಳ ಲೆಕ್ಕ 79. ಗಡಿ ಅಳೆಯಲು ಬಂದವರು ಕೂಡಿಟ್ಟ ರಾಶಿಯಲ್ಲಿ ನಕಾಶೆಗಿಂತ ಊರಿನ ಮಾತೇ ಹಲವು ಪಟ್ಟು ಹೆಚ್ಚು.

ಮುಂದೆ ಆ ಸಂಗ್ರಹವೂ ಹಂಚಿಹೋಯಿತು. ಒಂದು ಭಾಗ ಲಂಡನ್ನಿಗೆ, ಒಂದು ಭಾಗ ಕಲ್ಕತ್ತೆಯಲ್ಲಿ, ಒಂದು ಭಾಗ ಮದ್ರಾಸಿಗೆ. ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ದಕ್ಷಿಣದ ಭಾಷೆಗಳ ಬರಹಗಳು ಉಳಿದಿವೆ. ಯಜಮಾನರು ಹೋದಮೇಲೂ ಈ ಕೆಲಸ ಮುಂದುವರಿಸುತ್ತೇನೆ ಎಂದು ಲಕ್ಷ್ಮಯ್ಯನವರು ಕೇಳಿಕೊಂಡರು. ಆದರೆ ಭಾರತೀಯ ವಿದ್ವಾಂಸರೊಬ್ಬರು ಸ್ವತಂತ್ರವಾಗಿ ಅಂಥ ಕೆಲಸ ಮಾಡಬಲ್ಲರು ಎಂದು ಕಲ್ಕತ್ತೆಯ ದೊಡ್ಡವರು ಒಪ್ಪಲಿಲ್ಲ. ಇಪ್ಪತ್ತೈದು ವರ್ಷ ಊರೂರು ಸುತ್ತಿದ ಅನುಭವಕ್ಕೆ ಬೆಲೆ ಸಿಗಲಿಲ್ಲ. ಬರೆಯಬಹುದಾಗಿದ್ದ ಎಷ್ಟೋ ಊರಿನ ಕಥೆಗಳು ಬರೆಯದೆ ಹೋದವು.

ನಮ್ಮ ಕೈಫಿಯತ್ತು ನಾವೇ ಬರೆಯೋಣ

ಇನ್ನು ನಮ್ಮ ಮಾತು. ತಾಂಡೂರನ್ನು ಹಾದು ಹೋಗುವ ಕಾಗ್ನಾ ನದಿ ಆ ಕಡೆ ಕಾಗಿಣಾ ಆಗಿ, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅಲ್ಲಿತ್ತು. ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳ ಹೆಸರಿನಿಂದ ಗುರುತಿಸಿದ ಕೃತಿ ಅದು. ಆ ಎಲ್ಲೆಯೂ ಇಂದಿಲ್ಲ, ಮೆಕೆಂಜಿ ಅವರು ಅಳೆದ ಎಷ್ಟೋ ಗಡಿಗಳೂ ಇಂದಿಲ್ಲ. 1956ರ ಗೆರೆ ಇದೆ, ಅದನ್ನು ಒಪ್ಪಿಕೊಂಡು ನಾವು ಬಾಳುತ್ತಿದ್ದೇವೆ. ಮಕ್ಕಳು ಶಾಲೆಯಲ್ಲಿ ತೆಲುಗು ಓದುತ್ತಾರೆ, ಸಂತೆಯಲ್ಲಿ ಉರ್ದುವೂ ನಡೆಯುತ್ತದೆ, ಮನೆಯಲ್ಲಿ ಕನ್ನಡ. ಇದು ನಮ್ಮ ಕೊರತೆಯಲ್ಲ, ನಮ್ಮ ಸಂಪತ್ತು. ಬೋರಯ್ಯನವರಂಥವರು ಬೇಕಾದದ್ದು ಇಂಥ ಸೀಮೆಗಳಿಗೇ.

ಆದರೆ ಒಂದು ಭಯ ನಮಗಿದೆ. ರಸ್ತೆ ಅಗಲವಾಗುವಾಗ, ಹಳೆಯ ಗುಡಿ ಕೆಡವಿ ಹೊಸದು ಕಟ್ಟುವಾಗ, ಅಕ್ಷರವಿದ್ದ ಕಲ್ಲು ಎಲ್ಲಿಗೋ ಹೋಗಿಬಿಡುತ್ತದೆ. ಹೊಲದ ಹೆಸರು, ಹಳ್ಳದ ಹೆಸರು ಬಲ್ಲ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಗೆರೆಯ ಆ ಕಡೆಯವರು ನಮ್ಮ ಊರನ್ನು ತಮ್ಮದೆಂದು ಬರೆಯುವುದಿಲ್ಲ, ಈ ಕಡೆಯವರು ನಮ್ಮ ಕನ್ನಡವನ್ನು ತಮ್ಮದೆಂದು ಬರೆಯುವುದಿಲ್ಲ. ಎರಡೂ ಕಡೆಯ ಪುಸ್ತಕದಲ್ಲಿ ಬಿಟ್ಟುಹೋಗುವ ಊರುಗಳು ನಮ್ಮವು. ನಾವೇ ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ಕೋರಿಕೆ. ಪ್ರತಿ ಮನೆಯವರು ತಮ್ಮ ಊರಿನ ಬಗ್ಗೆ ಎರಡು ಪುಟ ಬರೆಯಿರಿ. ಊರಿನ ಹಳೆಯ ಹೆಸರೇನು, ಕೆರೆ ಬಾವಿ ಯಾರು ಕಟ್ಟಿಸಿದರೆಂದು ಹೇಳುತ್ತಾರೆ, ಜಾತ್ರೆ ಯಾವಾಗ, ಹೊಲಗಳಿಗೆ ಯಾವ ಹೆಸರು, ಬಾಂದುಗಲ್ಲು ಎಲ್ಲಿದೆ, ಶಾಸನದ ಕಲ್ಲು ಎಲ್ಲಿದೆ, ಇವಿಷ್ಟು ಸಾಕು. ಯಾರು ಹೇಳಿದರು, ಅವರ ವಯಸ್ಸು ಎಷ್ಟು, ಯಾವ ದಿನ ಕೇಳಿದಿರಿ ಎಂದು ಕೊನೆಗೆ ಬರೆಯಿರಿ. ಕಲ್ಲಿಗೆ ಎಣ್ಣೆ, ಬಣ್ಣ, ಸೀಮೆಸುಣ್ಣ ಹಚ್ಚಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಉರ್ದು, ಮೋಡಿ, ಕನ್ನಡ ಯಾವ ಲಿಪಿಯ ಕಾಗದವಿದ್ದರೂ ಎಸೆಯಬೇಡಿ, ಅದರದ್ದೂ ಒಂದು ಚಿತ್ರ ತೆಗೆದಿಡಿ.

ಬಂದ ಬರಹಗಳನ್ನು ಊರಿನ ಹೆಸರಿನ ಅಕ್ಷರಮಾಲೆಯಲ್ಲಿ ಈ ಪುಟದಲ್ಲೇ ಹಾಕುತ್ತಾ ಹೋಗುತ್ತೇವೆ. ಕನ್ನಡದಲ್ಲಿ ಬರೆಯಲು ಕಷ್ಟವೆನಿಸಿದವರು ತೆಲುಗಿನಲ್ಲಿ ಬರೆದು ಕಳಿಸಿ, ಇಲ್ಲವೇ ಹಿರಿಯರ ಮಾತನ್ನು ಧ್ವನಿಯಲ್ಲಿ ಹಿಡಿದು ಕಳಿಸಿ. ಕನ್ನಡಕ್ಕೆ ತರುವ ಕೆಲಸ ನಮ್ಮದು. ಯಾಲಾಲ್, ನ್ಯಾಲ್ಕಲ್, ದಾಮರಗಿದ್ದದಿಂದ ಮೊದಲ ಪುಟಗಳು ಬಂದರೆ ನಮಗೆ ಬಹಳ ಸಂತೋಷ.